ಬಾಳಿಕೆ

ಹಾರ್ಡ್ ಡಿಸ್ಕು ಕೆಮ್ಮಿತು ಎಂದು ಜಯಶೀಲನಿಗೆ ಅನ್ನಿಸಿತು. ಕೆಮ್ಮು ಅಂದರೆ ಕೆಮ್ಮೇ ಅಲ್ಲ. ಹಲ್ಲಿ ಲೊಚಗುಟ್ಟಿದ ಹಾಗೆ ಒಂದು ಸದ್ದು, ಆಮೇಲೆ ಮೌನ, ಮತ್ತೆ ಅದೇ ಸದ್ದು. ಚಹಾದ ಲೋಟ ಕೆಳಗಿಟ್ಟು, ಕನ್ನಡಕ ತೆಗೆದು, ಮೇಜಿನ ಮೇಲಿದ್ದ ಕಪ್ಪು ಡಬ್ಬಿಗೆ ಕಿವಿಯಾನಿಸಿದ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಶರ್ಮಿಳಾ ಮಿಕ್ಸಿ ಹಾಕಿದಳು. "ಸ್ವಲ್ಪ ನಿಲ್ಲಿಸು ಮಾರಾಯ್ತಿ," ಎಂದು ಕೂಗಿದ. ಮಿಕ್ಸಿ ನಿಂತಿತು. ಡಿಸ್ಕೂ ನಿಂತಿತು. ಶರ್ಮಿಳಾ ಕೈ ಒರೆಸುತ್ತ ಬಾಗಿಲಿಗೆ ಬಂದು, ಮೇಜಿಗೆ ಕೆನ್ನೆಯೊತ್ತಿ ಬಾಗಿದ್ದ ಗಂಡನನ್ನು ನೋಡಿ, "ಏನು, ಎದೆ ಪರೀಕ್ಷೆಯಾ?" ಎಂದು ಕೇಳಿದಳು. ಮನೆಯೊಳಗೆ ಇಬ್ಬರದೂ ತುಳುವೇ. "ಏನಿಲ್ಲ, ಸ್ವಲ್ಪ ಬಿಸಿಯಾಗಿದೆ ಅಷ್ಟೆ," ಎಂದ. ಆಸ್ಪತ್ರೆಯಲ್ಲಿ ಮಲಗಿದವರ ಬಗ್ಗೆ ಹೊರಗೆ ನಿಂತವರು ಹೇಳುವ ಮಾತೇ ತನ್ನ ಬಾಯಿಗೂ ಬಂತಲ್ಲ ಎಂದು ಅವನಿಗೆ ಕಸಿವಿಸಿಯಾಯಿತು. ಕಿಟಕಿಯಿಂದ ಎಂಐಡಿಸಿ ಕೈಗಾರಿಕಾ ಪ್ರದೇಶದ ಭಾನುವಾರದ ಗಾಳಿ ಬರುತ್ತಿತ್ತು. ಯಾವುದೋ ಕಾರ್ಖಾನೆ ರಜೆಯ ದಿನ ನೋಡಿ ಬಿಡುವ ಹುಳಿವಾಸನೆ. ಆ ಗಾಳಿಯೇ ಡಿಸ್ಕಿನ ಪುಪ್ಪುಸಕ್ಕೆ ಹತ್ತಿತೋ ಏನೋ.

ಠಾಣೆಯಿಂದ ಕಲ್ಯಾಣದವರೆಗಿನ ಕನ್ನಡಿಗರ ನಂದಾದೀಪ ಕನ್ನಡ ಕೂಟದಲ್ಲಿ ಅವನನ್ನು ಎಲ್ಲರೂ ರೆಕಾರ್ಡಿಂಗ್ ಜಯಶೀಲಣ್ಣ ಎಂದೇ ಕರೆಯುತ್ತಿದ್ದರು. ಹೊಟ್ಟೆಪಾಡಿಗೆ ಒಂದು ವಾಲ್ವ್ ಕಂಪನಿಯ ಅಕೌಂಟ್ಸು; ಉಳಿದದ್ದೆಲ್ಲ ಕ್ಯಾಮೆರಾ. ಕೂಟ ಹುಟ್ಟಿದ ದಿನದಿಂದ ರಾಜ್ಯೋತ್ಸವ, ಗಣಪತಿ, ಅರಸಿನ ಕುಂಕುಮ, ಮಕ್ಕಳ ವೇಷ, ತಾಳಮದ್ದಳೆ, ಸನ್ಮಾನ, ಸನ್ಮಾನಕ್ಕೆ ಉತ್ತರ, ಉತ್ತರಕ್ಕೆ ಧನ್ಯವಾದ, ಎಲ್ಲವೂ ಅವನ ಕಪಾಟಿನಲ್ಲಿದ್ದವು. ಮೊದಲು ಟೇಪು, ಆಮೇಲೆ ಡಿವಿಡಿ, ಆಮೇಲೆ ಎಲ್ಲವನ್ನೂ ಇಳಿಸಿದ ಹಾರ್ಡ್ ಡಿಸ್ಕುಗಳು. ತೇವ ಹೀರಲು ನಡುನಡುವೆ ಸಿಲಿಕಾದ ಪೊಟ್ಟಣ. ಆಯುಧಪೂಜೆಯ ದಿನ ಪ್ರತಿ ಡಿಸ್ಕಿಗೂ ಒಂದೊಂದು ಬೊಟ್ಟು ಕುಂಕುಮ. ಯಾರಾದರೂ ಸತ್ತರೆ ಮನೆಯವರು ಫೋನು ಮಾಡುತ್ತಿದ್ದರು, ಅಪ್ಪ ಮಾತಾಡಿದ್ದು ಏನಾದರೂ ಇದೆಯಾ ಎಂದು. "ಎಲ್ಲ ಉಂಟು, ಸೇಫ್ ಉಂಟು," ಎನ್ನುತ್ತಿದ್ದ. ಹುಡುಕಿ ಕೊಟ್ಟದ್ದು ಮಾತ್ರ ಅಪರೂಪ. ಯಾಕೆಂದರೆ ತಾನು ತೆಗೆದದ್ದನ್ನು ಅವನು ಒಮ್ಮೆಯೂ ಕೂತು ನೋಡಿರಲಿಲ್ಲ. ನೋಡುವುದು ಏನು, ತೆಗೆಯುವಾಗಲೇ ನೋಡಿದ್ದಾಯಿತಲ್ಲ. ನೂರಾರು ಜನರ ಹೆಗಲಿಗೆ ಶಾಲು ಬಿದ್ದದ್ದನ್ನು ಹಿಡಿದವನಿಗೆ ಒಂದು ಶಾಲೂ ಬಿದ್ದಿರಲಿಲ್ಲ ಎಂಬುದು ಬೇರೆ ಮಾತು. ಹತ್ತನೆಯ ವರ್ಷದ ಸಮಾರಂಭದಲ್ಲಿ ಅವನ ಹೆಸರನ್ನೂ ಕೂಗಿದ್ದರು. ಅವನು ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಕಟ್ಟಿ, ಅಂಗಿ ಸರಿಮಾಡಿಕೊಂಡು ಮೆಟ್ಟಿಲು ಹತ್ತುವಷ್ಟರಲ್ಲಿ ಶಾಲು ಮುಗಿದಿತ್ತು. ಕೈಗೆ ಒಂದು ಮೋಸಂಬಿ ಕೊಟ್ಟಿದ್ದರು. ಅದೂ ರೆಕಾರ್ಡ್ ಆಗಿತ್ತು.

ಈಗ ಕೂಟಕ್ಕೆ ಬೆಳ್ಳಿಹಬ್ಬ. ಎಲ್ಲ ಹಳೆಯ ದೃಶ್ಯಗಳನ್ನು ದೊಡ್ಡ ಪರದೆಗೆ ಹಾಕಬೇಕು, ಅದಕ್ಕೂ ಮೊದಲು ಇಡೀ ಸಂಗ್ರಹವನ್ನು ಶಾಶ್ವತವಾಗಿ ಕಾಪಿಡಬೇಕು, ಯಾವುದರಲ್ಲಿ ಕಾಪಿಡಬೇಕೆಂದು ಜಯಶೀಲ ಹೇಳಬೇಕು. ಸಭೆ ಅವತ್ತೇ ಸಂಜೆ. ಒಂದು ತಿಂಗಳಿಂದ ಅವನು ಅದನ್ನೇ ಓದುತ್ತಿದ್ದ, ಓದಿದ್ದೆಲ್ಲ ಸಾವಿನ ಸುದ್ದಿಯೇ. ಡಿವಿಡಿಯ ಹೊಳಪಿನ ಪದರ ಏಳುತ್ತದೆ, ಈ ಹವೆಗೆ ಬೂಷ್ಟು ಹಿಡಿಯುತ್ತದೆ. ಪೆನ್ ಡ್ರೈವು ವರ್ಷಗಟ್ಟಲೆ ಕರೆಂಟು ಕಾಣದೆ ಡ್ರಾಯರಿನಲ್ಲಿ ಬಿದ್ದಿದ್ದರೆ ತನ್ನೊಳಗಿದ್ದದ್ದನ್ನು ತಾನೇ ಮರೆಯುತ್ತದೆ. ಹಾರ್ಡ್ ಡಿಸ್ಕು ಕೆಲವು ವರ್ಷ ನಿಯತ್ತಿನಿಂದ ತಿರುಗಿ ಒಂದು ದಿನ ಹೇಳದೆ ಕೇಳದೆ ನಿಲ್ಲುತ್ತದೆ. ದೊಡ್ಡ ಆಫೀಸುಗಳಲ್ಲಿ ಬಳಸುವ ಕಾಂತದ ಟೇಪು ಒಂದು ತಲೆಮಾರು ಬಾಳುತ್ತದೆ, ಆದರೆ ಅದನ್ನು ಓದುವ ಯಂತ್ರದ ಬೆಲೆ ಕೇಳಿದವನು ಬಾಳುವುದಿಲ್ಲ. ನೂರು ವರ್ಷದ ಗ್ಯಾರಂಟಿಯ ಚಿನ್ನದ ಬಣ್ಣದ ತಟ್ಟೆಯೂ ಇದೆಯಂತೆ. ನೂರು ವರ್ಷದ ಮೇಲೆ ಅದು ಕೆಟ್ಟರೆ ಯಾರು ಯಾರಿಗೆ ದೂರು ಕೊಡಬೇಕೋ. ಐರೋಲಿಯಲ್ಲಿ ಕೆಲಸಕ್ಕೆ ಹೋಗುವ ಮಗಳು ಅಶ್ಮಿತಾಳನ್ನು ಕೇಳಿದರೆ ಅವಳು ಮೊಬೈಲಿನಿಂದ ತಲೆಯೆತ್ತದೆ, "ಕ್ಲೌಡ್ ಪೇ ಡಾಲೋ ನಾ ಪಪ್ಪಾ. ವೈಸೇ ಭೀ, ದೇಖೇಗಾ ಕೌನ್?" ಎಂದಿದ್ದಳು. ನೋಡುವವರು ಯಾರು ಎಂಬ ಆ ಪ್ರಶ್ನೆ ಅವನಿಗೆ ತನ್ನನ್ನೇ ನೋಡುವವರು ಯಾರು ಎಂದು ಕೇಳಿದಂತಾಗಿ ಎರಡು ದಿನ ಅವಳೊಡನೆ ಮಾತು ಬಿಟ್ಟಿದ್ದ. ಮಾತು ಬಿಟ್ಟದ್ದು ಅವಳಿಗೆ ಗೊತ್ತಾಗಲಿಲ್ಲ.

ನಕಲು ಮಾಡುವ ಮೊದಲು ಕಡತಗಳು ತೆರೆಯುತ್ತವೆಯೋ ಎಂದು ನೋಡಬೇಕು ಎಂದು ಎಲ್ಲೋ ಓದಿದ್ದ. ಕೆಮ್ಮುವ ಡಿಸ್ಕು ಎಲ್ಲಕ್ಕಿಂತ ಹಳೆಯದು, ಬೂಷ್ಟು ಹಿಡಿದು ಎಸೆದ ಟೇಪುಗಳಿಂದ ಇಳಿಸಿದ್ದೆಲ್ಲ ಅದರಲ್ಲೇ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಒಂದನ್ನು ತೆರೆದ. ಕಲ್ಯಾಣದ ಬಟ್ಟೆ ವ್ಯಾಪಾರಿ, ಕೂಟದ ಅಧ್ಯಕ್ಷ ಸೋಮಣ್ಣ, ಆಗಿನ್ನೂ ಕಪ್ಪು ಮೀಸೆಯ ಸೋಮಣ್ಣ, ಮೈಕಿನ ಮುಂದೆ ನಿಂತು ಬಾಯಿ ತೆರೆದ. ಸ್ವರ ದೂರದಿಂದ, ಬಾವಿಯೊಳಗಿಂದ ಬಂದ ಹಾಗೆ ಬಂತು. ಆದರೆ ಅದರ ಮೇಲೆ, ಕಿವಿಯ ಒಳಗೇ ಕೂತು ಹೇಳಿದಷ್ಟು ಹತ್ತಿರದಿಂದ, ಇನ್ನೊಂದು ಸ್ವರ: "ಶುರುವಾಯಿತು. ಇನ್ನು ಲೋಕಲ್ ಹಿಡಿದು ಲೈನಿನ ಕೊನೆ ಕಸಾರಾ ತನಕ ಹೋಗಿ ಬರಬಹುದು." ಜಯಶೀಲ ಬೆಚ್ಚಿ ಹಿಂದೆ ತಿರುಗಿದ. ಯಾರೂ ಇರಲಿಲ್ಲ. ಅದು ಅವನದೇ ಸ್ವರ. ಕ್ಯಾಮೆರಾದ ಮೈಕು ಕ್ಯಾಮೆರಾದ ತಲೆಯ ಮೇಲೇ ಇತ್ತಲ್ಲ, ವೇದಿಕೆ ದೂರ, ಅವನ ಬಾಯಿ ಹತ್ತಿರ. ಪಕ್ಕದಲ್ಲಿ ಲೈಟು ಹಿಡಿದು ನಿಲ್ಲುತ್ತಿದ್ದ ವಿಕಾಸ್ ಖಿಕ್ಕೆಂದದ್ದೂ ಕೇಳಿತು. ಇನ್ನೊಂದನ್ನು ತೆರೆದ. ವರ್ತಕ ನಗರದಲ್ಲಿ ಹೋಟೆಲು ನಡೆಸುವ ದಯಾನಂದನಿಗೆ ಸನ್ಮಾನ. "ಇವನ ಸಾಂಬಾರಿನಲ್ಲಿ ಬೇಳೆ ಹುಡುಕಲಿಕ್ಕೆ ಪೊಲೀಸು ನಾಯಿ ಬೇಕು." ಮತ್ತೊಂದು. ಮಕ್ಕಳ ವೇಷ. "ಇದು ಕೃಷ್ಣನಾ, ಪೂತನಿಯಾ?" ಒಂದರಲ್ಲೂ ಬಿಡುವಿಲ್ಲ. ವಿಧವೆಯೊಬ್ಬಳು ಗಂಡನ ಹೆಸರಲ್ಲಿ ಬಹುಮಾನ ಕೊಡುವಾಗಲೂ ಏನೋ ಅಂದಿದ್ದ. ಅದನ್ನು ಪೂರ್ತಿ ಕೇಳದೆ ಮುಚ್ಚಿದ. ಇಷ್ಟು ವರ್ಷ ಊರವರ ಮಾತನ್ನೆಲ್ಲ ಕೂಡಿಟ್ಟಿದ್ದೇನೆ ಎಂದುಕೊಂಡಿದ್ದನಲ್ಲ, ಕೂಡಿಟ್ಟದ್ದು ತನ್ನ ಪಿಸುಮಾತನ್ನು. ಊರವರು ಹಿನ್ನೆಲೆಯಲ್ಲಿ ಗುಯ್ಗುಡುತ್ತಿದ್ದರು ಅಷ್ಟೆ.

ಕೈ ತಾನಾಗಿಯೇ ಶರ್ಮಿಳಾಳ ಹಾಡು ಇದ್ದ ಕಡತಕ್ಕೆ ಹೋಯಿತು. ಒಮ್ಮೆ, ಒಂದೇ ಒಮ್ಮೆ, ಅವಳು ಕೂಟದ ವೇದಿಕೆಯಲ್ಲಿ ಹಾಡಿದ್ದಳು. ಅವಳ ಅಮ್ಮ ಹಸುವಿನ ಹಾಲು ಕರೆಯುವಾಗ ಹೇಳುತ್ತಿದ್ದ, ಉದ್ದಕ್ಕೆ ಬೆಳೆಯುತ್ತ ಹೋಗುವ ತುಳು ಹಾಡು. ಯಾವ ಪುಸ್ತಕದಲ್ಲೂ ಇಲ್ಲ. ಅವಳ ಊರಿನವರೇ ಆದ, ಈಗ ಠಾಣೆಯ ಪಕ್ಕದ ಕಳವಾದಲ್ಲಿರುವ ಅಕ್ಕು ದೊಡ್ಡಮ್ಮನಿಗೆ ನಾಲ್ಕು ಸಾಲು ಗೊತ್ತು, ಪೂರ್ತಿ ಬರುವುದು ಶರ್ಮಿಳಾಗೆ ಮಾತ್ರ. ಆಮೇಲೆ ಯಾರು ಎಷ್ಟು ಕೇಳಿಕೊಂಡರೂ ಅವಳು ಹಾಡಲಿಲ್ಲ. "ಇವರ ಹತ್ತಿರ ರೆಕಾರ್ಡಿಂಗ್ ಉಂಟಲ್ಲ," ಎಂದು ನಕ್ಕುಬಿಡುತ್ತಿದ್ದಳು. ಅದು ಗಂಡನ ಮೇಲಿನ ಅಭಿಮಾನ ಎಂದುಕೊಂಡು ಅವನೂ, "ಉಂಟು, ಸೇಫ್ ಉಂಟು," ಎಂದು ತಲೆಯಾಡಿಸುತ್ತಿದ್ದ. ಈಗ ಪರದೆಯ ಮೇಲೆ ತೆಳ್ಳಗಿನ, ಹಸಿರು ಸೀರೆಯ ಶರ್ಮಿಳಾ ಸೆರಗಿನ ತುದಿ ಹಿಡಿದು ನಿಂತಳು. ಮೊದಲ ಚರಣ. ಸ್ವರ ಸ್ವಲ್ಪ ನಡುಗಿ ನೆಟ್ಟಗಾಯಿತು. ಎರಡನೆಯದು ಶುರುವಾಗುವಷ್ಟರಲ್ಲಿ ಅದೇ ಹತ್ತಿರದ ಸ್ವರ: "ಕೊಟ್ಟಿಗೆಯ ಹಾಡಿಗೆ ಡಿಜಿಟಲ್ ಟೇಪಾ? ಮನೆಯಲ್ಲಿ ದಿನಾ ಕೇಳುವುದು ಸಾಲದಾ? ಬಂದ್ ಮಾಡ್ತೇನೆ ಮಾರಾಯ, ಅಧ್ಯಕ್ಷರ ಭಾಷಣಕ್ಕೆ ಉಳಿಯಲಿ." ಆಮೇಲೆ ಒಂದು ನಗು. ಅದು ಕೆಟ್ಟ ನಗುವೂ ಅಲ್ಲ. ಪಾನ್ ಅಂಗಡಿಯ ಮುಂದೆ ನಿಂತವರು ನಗುವಂಥ ಸಲೀಸಾದ ನಗು. ಆಮೇಲೆ ಕಪ್ಪು. ಕಪ್ಪಿನ ಬೆನ್ನಿಗೇ ಸೋಮಣ್ಣ, "ಮಾನ್ಯರೇ," ಎಂದ. ಡಿಸ್ಕು ಲೊಚಗುಟ್ಟಿತು.

ಊಟಕ್ಕೆ ಬಂಗುಡೆ ಸಾರು. ಶರ್ಮಿಳಾ ಬಡಿಸುತ್ತ, "ಅಕ್ಕು ದೊಡ್ಡಮ್ಮ ಫೋನು ಮಾಡಿದ್ದರು. ಬೆಳ್ಳಿಹಬ್ಬಕ್ಕೆ ನನ್ನ ಹಾಡನ್ನು ಪರದೆಗೆ ಹಾಕಿಸಿಯೇ ಸಿದ್ಧವಂತೆ," ಎಂದಳು. "ಹಾಕುವಾ," ಎಂದ. ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗಾಯಿತು. ನಿಜವಾಗಿಯೂ ಸಿಕ್ಕಿತ್ತು. ಅನ್ನದ ಉಂಡೆ ನುಂಗಿದ, ನೀರು ಕುಡಿದ. ನಾನು ಆಗ ಎಷ್ಟು ವರ್ಷದವನು, ಮೂವತ್ತರ ಮೇಲೆ ಎಷ್ಟೋ. ಆ ವಯಸ್ಸಿಗೆ ಎಲ್ಲರೂ ಹಾಗೇ ಮಾತಾಡುತ್ತಾರೆ. ಆದರೆ ಎಲ್ಲರ ಮಾತು ಗಾಳಿಗೆ ಹೋಗುತ್ತದೆ. ನನ್ನದನ್ನು ಮಾತ್ರ ನಾನೇ ಸಿಲಿಕಾ ಪೊಟ್ಟಣ ಇಟ್ಟು, ಕುಂಕುಮ ಹಚ್ಚಿ ಕಾಪಾಡಿದ್ದೇನೆ. ಬೆಳ್ಳಿಹಬ್ಬದ ಸಭಾಂಗಣ, ಆಳೆತ್ತರದ ಸ್ಪೀಕರುಗಳು, ಸೋಮಣ್ಣ, ದಯಾನಂದ, ಪೂತನಿಯ ತಾಯಿ, ಆ ವಿಧವೆ, ಎಲ್ಲರೂ ಸಾಲಾಗಿ ಕೂತು ಕೇಳುವುದು ಕಣ್ಣಿಗೆ ಕಟ್ಟಿತು. ತಿಂಗಳಿಂದ ಅವನು ಹುಡುಕಿದ್ದು ಎಂದೂ ಸಾಯದ ಡಿಸ್ಕು. ಕೈ ತೊಳೆಯುವಾಗ, ಇದು ಸಾಯಲು ಇನ್ನೆಷ್ಟು ದಿನ ಬೇಕಾದೀತು ಎಂದು ಯೋಚಿಸುತ್ತಿದ್ದ. ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು.

ಸಭೆ ದಯಾನಂದನ ಹೋಟೆಲಿನ ಮೇಲಿನ ಫ್ಯಾಮಿಲಿ ರೂಮಿನಲ್ಲಿ. ಊಟದ ಗದ್ದಲ ಇಳಿದಿತ್ತು, ಒರೆಸಿದ ಮೇಜುಗಳು ಇನ್ನೂ ಹಸಿಯಾಗಿದ್ದವು. ಸೋಮಣ್ಣ ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಜಯಶೀಲ್‌ರ, ಭಾಳ ಉದ್ದ ಹೇಳಬ್ಯಾಡ್ರಿ. ಕಡಿಮಿ ರೊಕ್ಕದಾಗ ಹೆಚ್ಚು ದಿನ ಬಾಳಿಕಿ ಬರೂದು ಯಾವುದು, ಅದನ್ನಷ್ಟ ಹೇಳ್ರಿ," ಎಂದ. ಜಯಶೀಲ ಚೀಟಿ ಬಿಡಿಸಿದ. ಮೂರು ಪ್ರತಿ ಇರಬೇಕು, ಎರಡು ಬೇರೆ ಬೇರೆ ಜಾತಿಯ ಸಾಮಾನಿನಲ್ಲಿರಬೇಕು, ಒಂದು ಪ್ರತಿ ಬೇರೆ ಜಾಗದಲ್ಲಿರಬೇಕು ಎಂದು ಬೆಳಿಗ್ಗೆಯೇ ಬರೆದಿಟ್ಟಿದ್ದನ್ನು ಓದಿದ. ಜಾತಿ ಎಂಬ ಮಾತಿಗೆ ಕೆಲವರು ನೆಟ್ಟಗೆ ಕೂತರು. "ಕ್ಲೌಡ್ ಅಂತ ಒಂದು ಉಂಟಲ್ಲ?" ಎಂದ ದಯಾನಂದ. "ಅದು ಬಾಡಿಗಿ ಮನಿ ಇದ್ದಂಗರೀ," ಎಂದ ಸೋಮಣ್ಣ, "ಒಂದು ತಿಂಗಳ ಬಾಡಿಗಿ ತಪ್ಪಿದ್ರ ಸಾಮಾನು ಬೀದಿಗೆ. ಸ್ವಂತದ್ದು ಸ್ವಂತದ್ದ." ಮುಂಬಯಿಯ ಸುತ್ತ ಬದುಕಿದ ಜನಕ್ಕೆ ಇದಕ್ಕಿಂತ ದೊಡ್ಡ ವಾದ ಬೇಕಿರಲಿಲ್ಲ. ಕ್ಲೌಡು ಅಲ್ಲಿಗೇ ಮುಗಿಯಿತು.

ಆದರೆ ಬೇರೆ ಜಾಗದ ಪ್ರತಿ ಯಾರ ಮನೆಯಲ್ಲಿ? ಮೊದಲು ಎಲ್ಲರೂ ಜಾರಿಕೊಂಡರು. ನಮ್ಮ ಮನೆಯಲ್ಲಿ ಇಲಿ, ನಮ್ಮಲ್ಲಿ ಸೊಸೆಯ ಬಾಣಂತನ. ಅದನ್ನು ಇಟ್ಟ ಮನೆಯ ಬಾಗಿಲಿಗೆ 'ನಂದಾದೀಪ ಸಂಗ್ರಹಾಲಯ' ಎಂಬ ಹಿತ್ತಾಳೆಯ ಫಲಕ ಹಾಕೋಣ ಎಂದು ಯಾರೋ ಅಂದದ್ದೇ ತಡ, ಎಲ್ಲರ ಮನೆಯೂ ಯೋಗ್ಯವಾಗಿಬಿಟ್ಟಿತು. ಸೋಮಣ್ಣ ತನ್ನ ಗೋದಾಮೇ ಸರಿ ಎಂದ. ಕಲ್ಯಾಣಕ್ಕೆ ನೆರೆ ಬರುತ್ತದೆ ಎಂದ ದಯಾನಂದ. ನಿಮ್ಮ ಹೋಟೆಲಿನಾಗ ಜಿರಳಿ ಬರ್ತಾವು ಎಂದ ಸೋಮಣ್ಣ. ಕರಾವಳಿಯವರ ಕಾರ್ಯಕ್ರಮಗಳೇ ಹೆಚ್ಚಿರುವುದರಿಂದ ಕರಾವಳಿಯವರ ಮನೆಯಲ್ಲೇ ಇರಬೇಕು ಎಂದು ಒಂದು ಮೂಲೆ, ದೇಣಿಗೆ ಯಾರದು ಹೆಚ್ಚು ಎಂದು ಇನ್ನೊಂದು ಮೂಲೆ. ಇಡೀ ಸಂಗ್ರಹವನ್ನೇ ಎರಡು ಪಾಲು ಮಾಡುವ ಮಾತೂ ಬಂತು. ಜಯಶೀಲ ನೋಡುತ್ತ ಕೂತ. ಇವರಲ್ಲಿ ಒಬ್ಬರೂ ಒಳಗೆ ಏನಿದೆ ಎಂದು ಕೇಳಲಿಲ್ಲ. ಕ್ಯಾಮೆರಾ ಇದ್ದಿದ್ದರೆ ಈಗ ಏನು ಪಿಸುಗುಡುತ್ತಿದ್ದೆ ಎಂದು ತನ್ನಷ್ಟಕ್ಕೇ ಹೊಳೆದು, ಅದು ನಿಜಕ್ಕೂ ಚೆನ್ನಾಗಿದೆ ಎನಿಸಿ, ನಗು ಬಂದು, ಆ ನಗುವಿನ ಸದ್ದು ಬೆಳಿಗ್ಗೆ ಕೇಳಿದ್ದೇ ಎಂದು ಗುರುತು ಹತ್ತಿ ತುಟಿ ಬಿಗಿದ.

ಗೋಡೆಯ ಬದಿಗೆ ಕೂತಿದ್ದ ಅಕ್ಕು ದೊಡ್ಡಮ್ಮ, "ಮಗಾ ಜಯಶೀಲ, ನೀನೇ ಹೇಳು. ನಿನ್ನ ಮಾತಿನ ಮೇಲೆ ಎಲ್ಲರಿಗೂ ವಿಶ್ವಾಸ," ಎಂದರು. ಎಲ್ಲರೂ ಅವನ ಕಡೆ ತಿರುಗಿದರು. ಒಳ್ಳೆಯ ಕಂಪನಿಯ ಎರಡು ಹೊಸ ಡಿಸ್ಕು, ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಎಂಬ ಸಾಲು ಚೀಟಿಯ ಕೊನೆಯಲ್ಲಿತ್ತು. "ಅಷ್ಟು ಖರ್ಚು ಬೇಡ ಅನ್ನಿಸ್ತದೆ," ಎಂದು ತನ್ನ ಸ್ವರ ಹೇಳುವುದನ್ನು ಕೇಳಿದ. "ಈಗ ಸಣ್ಣ ಡಬ್ಬಿಯಲ್ಲೇ ಹದಿನಾರು ಟಿಬಿಯದ್ದು ಸಿಕ್ತದೆ. ಸ್ಟೇಷನ್ನಿನ ಹೊರಗೆ. ಎಲ್ಲ ಒಂದರಲ್ಲೇ ಹಿಡಿಸಬಹುದು." ಬೆಲೆ ಹೇಳಿದ. ಒಂದು ಸನ್ಮಾನದ ಹೂವಿನ ಖರ್ಚಿಗಿಂತ ಕಡಿಮೆ. ಸಭೆಯಲ್ಲಿ ಬೆಳಕು ಹರಿದ ಹಾಗಾಯಿತು. "ನೋಡ್ರಿ, ತಿಳಿದಾಂವ ಅಂದ್ರ ಹಿಂಗಿರಬೇಕು!" ಎಂದು ಸೋಮಣ್ಣ ಮೇಜು ಕುಟ್ಟಿದ. ಬೆಳ್ಳಿಹಬ್ಬದಲ್ಲಿ ಜಯಶೀಲನಿಗೆ ಮೊದಲ ಶಾಲು ಎಂದು ಅಲ್ಲೇ ತೀರ್ಮಾನವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ಕೂತಿದ್ದ ಶರ್ಮಿಳಾ ಮಾತ್ರ ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದು ಅವನನ್ನೇ ನೋಡುತ್ತಿದ್ದಳು.

ಅಂಥ ಡಬ್ಬಿಗಳ ಹಣೆಬರಹ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ಹದಿನಾರು ಎಂದು ಬರೆದಿರುತ್ತದೆ, ಒಳಗೆ ಬೆರಳುಗುರಿನಷ್ಟು ಜಾಗ. ಕೊಟ್ಟದ್ದನ್ನೆಲ್ಲ ನುಂಗಿದ ಹಾಗೆ ನಟಿಸುತ್ತದೆ, ಹೆಸರುಗಳನ್ನೆಲ್ಲ ಸಾಲಾಗಿ ತೋರಿಸುತ್ತದೆ, ಹೊಸದು ಬಂದ ಹಾಗೆ ಹಳೆಯದನ್ನು ಅಳಿಸುತ್ತ ಹೋಗುತ್ತದೆ. ಮರುದಿನ ಆಫೀಸಿನಿಂದ ಬರುವಾಗ ಸ್ಟೇಷನ್ನಿನ ಹೊರಗಿನ ಕಾಲುಸೇತುವೆ ಸ್ಕೈವಾಕಿನ ಮೇಲೆ ತಾಡಪತ್ರಿ ಹಾಸಿ ಕೂತವನ ಮುಂದೆ ನಿಂತ. ಚಾರ್ಜರು, ಬೆಲ್ಟು, ಉಗುರುಕತ್ತರಿಗಳ ನಡುವೆ ಅದೂ ಇತ್ತು. "ಓರಿಜಿನಲ್ ಹೈ ಕ್ಯಾ?" ಎಂದು ಕೇಳಿದ. ಅವನು ಇವನ ಮುಖ ನೋಡಿ, ಈ ಬೆಲೆಗೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲವಲ್ಲ ಎಂಬಂತೆ, "ಆಪ್ ಕೋ ಕೈಸಾ ಚಾಹಿಯೇ?" ಎಂದ, ನಿಮಗೆ ಎಂಥದ್ದು ಬೇಕು ಎಂದು. ಜಯಶೀಲನ ಕಿವಿ ಬಿಸಿಯಾಯಿತು. ಕೊಂಡು ಜೇಬಿಗಿಳಿಸಿದ. ಅದರ ತೂಕವೇ ಇರಲಿಲ್ಲ.

ವಾರವಿಡೀ ನಕಲು ನಡೆಯಿತು. ಕೆಮ್ಮುವ ಡಿಸ್ಕಿನದನ್ನು ಮೊದಲು ಹಾಕಿದ, ಬೇಕೆಂದೇ. ಮೊದಲು ಹಾಕಿದ್ದೇ ಮೊದಲು ಅಳಿಯುವುದು. ಯಂತ್ರ ಎಲ್ಲ ಮುಗಿಯಿತೆಂದು ಹೇಳಿದ ದಿನ ಸೋಮಣ್ಣನಿಗೆ ಫೋನು ಮಾಡಿದ; ಸೋಮಣ್ಣ ಕೂಟದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಶುಭಾಶಯ ಕಳಿಸಿದ; ಮುಗಿದ ಕೈಗಳ ಚಿತ್ರಗಳು ಸುರಿದವು. ಜಯಶೀಲ ಸೋಫಾದಲ್ಲಿ ಕೂತು ಅವನ್ನು ಒಂದೊಂದಾಗಿ ನೋಡುತ್ತಿದ್ದಾಗ, ಟ್ಯೂಷನ್ನಿನ ಮಕ್ಕಳನ್ನು ಕಳಿಸಿ ಬಂದ ಶರ್ಮಿಳಾ ಎದುರಿಗೆ ಕೂತಳು.

"ಇದರಲ್ಲಿ ನನ್ನ ಹಾಡು ಉಂಟಾ?"

"ಉಂಟು."

"ಹಾಕಿ. ನೋಡುವಾ."

ಇಷ್ಟು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು. ಅವನು ಡಬ್ಬಿ ಸಿಕ್ಕಿಸಿದ. ಹೆಸರು ಕಂಡಿತು. ಒತ್ತಿದ. ತೆರೆಯಲಿಲ್ಲ. ಮತ್ತೆ ಒತ್ತಿದ. "ಅಯ್ಯೋ, ಹಾಳಾಗಿದೆಯಲ್ಲ," ಎಂದ. ಇನ್ನಷ್ಟು ಗಾಬರಿ ಹಾಕಿ ಹೇಳಬೇಕಿತ್ತು ಅನಿಸಿತು.

"ಹಳೆಯದರಲ್ಲಿ?"

"ಅದೂ ಸಾಯ್ತಾ ಉಂಟು. ಏನು ಮಾಡುವುದು, ಎಲ್ಲದಕ್ಕೂ ಒಂದು ಆಯುಷ್ಯ."

"ನಿಮಗೆ ಸಮಾಧಾನ ಆದ ಹಾಗೆ ಕಾಣ್ತದೆ."

ಅವನು ತಂತಿ ಬಿಚ್ಚುವುದರಲ್ಲಿ ಮಗ್ನನಾದ. ಶರ್ಮಿಳಾ ಸ್ವರ ಏರಿಸಲಿಲ್ಲ, ಮಕ್ಕಳಿಗೆ ಭಾಗಾಕಾರ ಹೇಳಿಕೊಡುವಾಗಿನ ಅದೇ ಸ್ವರ. "ಆ ದಿನ ಕ್ಯಾಮೆರಾದ ಕೆಂಪು ಲೈಟು ಆರಿದ್ದು ನನಗೆ ಸ್ಟೇಜಿನಿಂದ ಕಂಡಿದೆ. ನೀವು ನಕ್ಕದ್ದೂ ಕಂಡಿದೆ. ಏನು ಹೇಳಿದ್ದು ಅಂತ ಮಾತ್ರ ಗೊತ್ತಿರಲಿಲ್ಲ. ಅದನ್ನು ವಿಕಾಸನ ಹೆಂಡತಿ ಆಮೇಲೆ ಹೇಳಿದಳು, ನಗಾಡಿಕೊಂಡೇ ಹೇಳಿದಳು. ಉಳಿದ ಚರಣಗಳನ್ನು ನಾನು ಆ ಆರಿದ ಲೈಟನ್ನು ನೋಡಿಕೊಂಡು ಹಾಡಿ ಮುಗಿಸಿದ್ದು."

ಜಯಶೀಲನಿಗೆ ಕೂಡಲೇ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. "ಮತ್ತೆ ಇಷ್ಟು ವರ್ಷ ಎಲ್ಲರಿಗೂ ರೆಕಾರ್ಡಿಂಗ್ ಉಂಟು, ರೆಕಾರ್ಡಿಂಗ್ ಉಂಟು ಅಂತ ಯಾಕೆ ಹೇಳ್ತಾ ಬಂದೆ?"

"ಉಂಟು ಅಂತ ನೀವೇ ಹೇಳಿದ್ದಲ್ಲವಾ? ಎಂದಾದರೂ ಒಮ್ಮೆ ತೆಗೆದು ನೋಡಿಯಾರು ಅಂದುಕೊಂಡೆ."

ಅವನು ಬಾಯಿ ತೆರೆದ. "ಅದು ಆವಾಗ..." ಎಂದ. ಅವಳು ಎದ್ದಳು. "ನಾಳೆ ಠಾಣೆಗೆ ಹೋಗುವಾ. ಅದು ಪೂರಾ ಸಾಯುವ ಮೊದಲು. ಒಳ್ಳೆಯದೇ ತೆಗೆಯುವಾ, ಟ್ಯೂಷನ್ನಿನ ದುಡ್ಡು ಉಂಟು ನನ್ನ ಹತ್ತಿರ."

"ಬೆಳ್ಳಿಹಬ್ಬದಲ್ಲಿ ಹಾಕಿಸ್ತೀಯಾ?"

"ಈಗ ಕುಕ್ಕರ್ ಇಡಬೇಕು," ಎಂದು ಒಳಗೆ ಹೋದಳು.

ಠಾಣೆ ಸ್ಟೇಷನ್ನಿನ ಹತ್ತಿರದ ಕಂಪ್ಯೂಟರ್ ಅಂಗಡಿ ಸೋಮಣ್ಣನ ಷಡ್ಡಕ ಕೈಲಾಸನದು. ದಪ್ಪಗಿನ, ಮಾತಿನ ಮನುಷ್ಯ. ಗಿರಾಕಿ ಕೇಳದ ಸಾಮಾನಿನ ಬಗ್ಗೆಯೇ ಹೆಚ್ಚು ಹೇಳುವವನು. ಸ್ಕೈವಾಕಿನ ಡಬ್ಬಿಯನ್ನು ನೋಡಿ, "ಇದನ್ನ ಯಾವ ಶ್ಯಾಣ್ಯಾ ತಗೊಂಡಾನ್ರೀ?" ಎಂದು ಕೇಳಿದ. ಜಯಶೀಲ ಗೋಡೆಗೆ ನೇತುಹಾಕಿದ್ದ ಮೌಸುಗಳನ್ನು ನೋಡುತ್ತ ನಿಂತ. ಅವಳೇ ಎಲ್ಲ ವಿಚಾರಿಸಿದಳು. ಎಷ್ಟು ವರ್ಷ, ಬಿದ್ದರೆ ಏನಾಗುತ್ತದೆ, ಎರಡು ಬೇರೆ ಬೇರೆ ಕಂಪನಿಯದನ್ನು ಕೊಂಡರೆ ಒಟ್ಟಿಗೇ ಕೆಡುವುದು ತಪ್ಪುತ್ತದೆಯೇ. ಎರಡು ಆರಿಸಿದಳು. ಕೈಲಾಸ ಹಳೆಯ ಡಿಸ್ಕನ್ನು ಯಂತ್ರಕ್ಕೆ ಕೊಟ್ಟ; ಅದು ಲೊಚಗುಟ್ಟಿ, ಹಟ ಹಿಡಿದು, ಕೊನೆಗೆ ತೆರೆದುಕೊಂಡಿತು. ಬೇಕಾದದ್ದು ಮೊದಲು ತೆಗೆದುಬಿಡ್ತೀನಿ, ಯಾವುದು ಹೇಳ್ರಿ ಎಂದ. ಅವಳು ಹೇಳಿದಳು. ಸರಿಯಾಗಿ ಬಂದದೋ ಇಲ್ಲೋ ನೋಡೂಣು ಎಂದು ಅವನು ಅಂಗಡಿಯ ಸ್ಪೀಕರಿಗೇ ಹಾಕಿಬಿಟ್ಟ.

ಹಾಡು ಅಂಗಡಿ ತುಂಬಿತು. ಪ್ರಿಂಟರಿನ ಮಸಿ ಕೊಳ್ಳಲು ಬಂದಿದ್ದ ಇಬ್ಬರು ತಿರುಗಿ ನೋಡಿದರು. ಜಯಶೀಲ ಲೆಕ್ಕ ಹಿಡಿದ ಹಾಗೆ ಕಾದ, ಮೊದಲ ಚರಣ ಮುಗಿಯಿತು, ಎರಡನೆಯದು ಬಂತು, ಹೊರಗೆ ಹೋಗಿಬಿಡಲೇ ಎಂದುಕೊಂಡ. ಸ್ವರ ಬಂತು. ಕೊಟ್ಟಿಗೆ, ಟೇಪು, ಭಾಷಣ. ನಗು. ಅಂಗಡಿಯ ಸ್ಪೀಕರಿನಲ್ಲಿ ಆ ನಗು ಇನ್ನೂ ಎಳೆಯದಾಗಿ, ಸುಖವಾಗಿ ಕೇಳಿತು.

"ಯಾವನ್ರೀ ಇವ, ಹಲ್ಕಟ್?" ಎಂದ ಕೈಲಾಸ. "ಇಂಥಾ ಹಾಡಿನ ನಡುವ ಬಾಯಿ ಹಾಕ್ಯಾನ!"

"ಕ್ಯಾಮೆರಾದವರು," ಎಂದಳು ಶರ್ಮಿಳಾ.

"ಕೂಲಿಗೆ ಕರಿಸಿದಾಂವ ಇರಬೇಕು. ಅಕ್ಕಾರ, ಬ್ಯಾಡಂದ್ರ ಆ ದನಿ ತಗದುಬಿಡೂಣ. ಈಗ ಸಾಫ್ಟ್‌ವೇರ್ ಬಂದಾವು, ಹಾಡಷ್ಟ ಉಳೀತದ."

ಜಯಶೀಲ ಮೌಸುಗಳಿಂದ ಮುಖ ತಿರುಗಿಸಿದ. ಒಂದು ಕ್ಷಣ ಅವನ ಕಣ್ಣಲ್ಲಿ ಏನಿತ್ತೋ, ಅವಳು ಅದನ್ನು ನೋಡಿದಳು, ನೋಡಿಯೇ ಕೈಲಾಸನಿಗೆ ಹೇಳಿದಳು: "ಬೇಡ. ಹೇಗೆ ಉಂಟೋ ಹಾಗೇ ಇರಲಿ. ಎರಡರಲ್ಲೂ ಹಾಕಿ."

ಉಳಿದದ್ದರಲ್ಲಿ ಒಂದಷ್ಟು ಬಂತು, ಒಂದಷ್ಟು ಬರಲಿಲ್ಲ. ಬಾರದಿದ್ದವು ಯಾರ್ಯಾರವು ಎಂದು ಜಯಶೀಲ ಕೇಳಲಿಲ್ಲ. ಸಂಜೆಯಾಗುವ ಹೊತ್ತಿಗೆ ಹಳೆಯ ಡಿಸ್ಕು ಸದ್ದನ್ನೂ ನಿಲ್ಲಿಸಿತು. ಹೊಸವೆರಡನ್ನೂ ಶರ್ಮಿಳಾ ತನ್ನ ಚೀಲಕ್ಕೆ ಹಾಕಿಕೊಂಡಳು. "ನಾನು ಹಿಡಿದುಕೊಳ್ಳಲಾ?" ಎಂದು ಕೇಳಿದ. "ಬೇಡ," ಎಂದಳು.

ಪ್ಲಾಟ್‌ಫಾರ್ಮಿನಲ್ಲಿ ಆಫೀಸು ಬಿಟ್ಟ ಜನ. ಕಲ್ಯಾಣ ಲೋಕಲ್ ಬಂದಾಗ ಅವಳು ಹೆಂಗಸರ ಡಬ್ಬಿಗೆ ಹತ್ತಿದಳು, ಅವನು ಅದಕ್ಕೆ ತಾಗಿದ ಡಬ್ಬಿಗೆ. ನೂಕುನುಗ್ಗಲು ಅವನನ್ನು ಒಳಗೊಳಗೆ ತಳ್ಳಿ ಎರಡು ಡಬ್ಬಿಗಳ ನಡುವಿನ ಗೋಡೆಗೆ ಒತ್ತಿತು. ಆ ಗೋಡೆಯ ಮೇಲರ್ಧಕ್ಕೆ ತಂತಿಯ ಜಾಲರಿ. ಜಾಲರಿಯಾಚೆ, ಎರಡು ಆಸನಗಳ ದೂರದಲ್ಲಿ, ಶರ್ಮಿಳಾಗೆ ಕೂರಲು ಜಾಗ ಸಿಕ್ಕಿತ್ತು. ಚೀಲ ತೊಡೆಯ ಮೇಲೆ, ಅದರ ಮೇಲೆ ಎರಡೂ ಕೈ. ಪಕ್ಕದ ಹೆಂಗಸು, ಬಟಾಣಿ ಸುಲಿಯುತ್ತಿದ್ದವಳು, ಏನು ಇಷ್ಟು ಜೋಪಾನ ಎಂದು ಮರಾಠಿಯಲ್ಲಿ ಕೇಳಿರಬೇಕು. "ಗಾಣಂ ಆಹೇ," ಎಂದಳು ಶರ್ಮಿಳಾ, ಹಾಡು. "ಮಾಝಂ." ನನ್ನದು. ಅಷ್ಟು ಅವನಿಗೆ ಸ್ಪಷ್ಟವಾಗಿ ಕೇಳಿತು.

ಅಷ್ಟರಲ್ಲಿ ಅವನ ಡಬ್ಬಿಯ ಭಜನೆ ಮಂಡಳಿಯವರು ತಾಳ ತೆಗೆದರು. ದಿನಾ ಇದೇ ಗಾಡಿಗೆ ಬರುವ, ಹಣೆಗೆ ವಿಠ್ಠಲನ ಕಪ್ಪು ಬುಕ್ಕಿಟ್ಟಿನ ಬೊಟ್ಟು ಹಚ್ಚಿದ ಗುಮಾಸ್ತರು. ಒಬ್ಬ ಡಬ್ಬಿಯ ತಗಡಿಗೇ ಬಡಿದು ಠೇಕಾ ಹಿಡಿದ, ಉಳಿದವರು ಕತ್ತು ಎತ್ತಿ ವಿಠ್ಠಲನನ್ನು ಕೂಗಿದರು. ಜಯಶೀಲ ಜಾಲರಿಗೆ ಕಿವಿಯೊತ್ತಿದ. ತಾಳ, ತಗಡು, ವಿಠ್ಠಲ. ಕಿವಿ ತೆಗೆದು ಕಣ್ಣಿಟ್ಟ. ಶರ್ಮಿಳಾಳ ತುಟಿಗಳು ಆಡುತ್ತಿದ್ದವು. ಬಟಾಣಿಯವಳ ಕೈ ನಿಂತಿತ್ತು. ಎದುರಿಗೆ ನಿಂತವರಿಬ್ಬರು ಅವಳ ಕಡೆ ಬಾಗಿದ್ದರು, ಇನ್ನೊಬ್ಬಳು ಕಿವಿಯಿಂದ ಮೊಬೈಲಿನ ತಂತಿ ತೆಗೆದಳು. ಹಾಡುತ್ತಿದ್ದಳೋ, ಹೇಳುತ್ತಿದ್ದಳೋ. ಹಾಡಿದರೆ ಯಾವ ಚರಣ, ಹೇಳಿದರೆ ಎಲ್ಲಿಗೆ ಬಂದಳು. "ಜರಾ ಹಳೂ," ಎಂದು ಅವನು ಭಜನೆಯವರ ಕಡೆ ತಿರುಗಿ ಅಂದ, ಸ್ವಲ್ಪ ಮೆಲ್ಲಗೆ ಎಂದು. ತಗಡು ಬಡಿಯುವವನು ಇವನೂ ಲಹರಿಗೆ ಬಂದನೆಂದು ತಿಳಿದು ಇವನ ಕೈಗೆ ಒಂದು ಜೊತೆ ತಾಳ ಕೊಟ್ಟ. ಕೈ ಚಾಚಿ ಹಿಂದಿರುಗಿಸಲೂ ಜಾಗವಿರಲಿಲ್ಲ. ತಾಳ ಹಿಡಿದುಕೊಂಡೇ ಮತ್ತೆ ಜಾಲರಿಯೊಳಗೆ ನೋಡಿದ. ಶರ್ಮಿಳಾಳ ತುಟಿ ನಿಂತಿತ್ತು. ಅವಳು ಚೀಲವನ್ನು ತಟ್ಟಿ ಏನೋ ಒಂದು ಮಾತು ಸೇರಿಸಿದಳು, ಆಮೇಲೆ ತಲೆಯೆತ್ತಿ ಜಾಲರಿಯ ಕಡೆ ತೋರಿಸಿದಳು. ಹೆಂಗಸರೆಲ್ಲ ಒಟ್ಟಿಗೆ ಇತ್ತ ತಿರುಗಿದರು. ಬಟಾಣಿಯವಳು ಅವನ ಮುಖ ನೋಡಿ, ಕೈಯ ತಾಳ ನೋಡಿ, ನಕ್ಕಳು. ಏನೆಂದು ತಿಳಿಯದೆ ಜಯಶೀಲನೂ ನಕ್ಕ, ತಾಳ ಒಮ್ಮೆ ತಟ್ಟಿದ.